ನಕ್ಷೆಯ ಮೇಲಿನ ಹಳದಿ ಚಾವಣಿ

"ಅಕ್ಕ ತಂಗಿ ಅಂದ್ರೆ ಹಾಗಿರ್ಬೇಕು ನೋಡಿ, ಒಬ್ಬಳು ಕೆಮ್ಮಿದ್ರೆ ಇನ್ನೊಬ್ಬಳು ನೀರು ತರ್ತಾಳೆ" ಎಂದು ನೆರೆಮನೆಯವರು ಹೊಗಳುತ್ತಿದ್ದರು. ನೀರು ತರುತ್ತಿದ್ದವಳು ಯಾವಾಗಲೂ ತಂಗಿಯೇ. ಅದೂ ಅಕ್ಕನಿಗೆ ಚುಚ್ಚುತ್ತಿತ್ತು.

ಅಕ್ಕನಿಗೆ ಅಂಗಡಿ ಬೋರ್ಡುಗಳ ವಿನ್ಯಾಸ ಮಾಡುವ ಕೆಲಸ. ಮನೆಗೆ ಬಂದರೆ ಕಂಪ್ಯೂಟರಿನಲ್ಲಿ ಚೌಕ ಚೌಕ ಬ್ಲಾಕುಗಳನ್ನು ಪೇರಿಸಿ ಊರು ಕಟ್ಟುವ ಆಟ. ಆಟದವರು ಕೊಟ್ಟ ಬ್ಲಾಕುಗಳು ಸಾಲದೆ ತನ್ನವನ್ನೂ ಬರೆದು ಸೇರಿಸಿದ್ದಳು: ಪಾಚಿ ಕಟ್ಟಿದ ಗೋಡೆ, ತುಕ್ಕು ಹಿಡಿದ ತಗಡು, ಕೆಂಪು ಹೆಂಚು. ಹೆಂಚಿನ ಬಿರುಕೂ ಕಾಣಬೇಕು, ಅಷ್ಟು ಅಚ್ಚುಕಟ್ಟು. ಆದರೆ ಆಟದೊಳಗಿನ ನಕ್ಷೆ ಬಿಚ್ಚಿದರೆ ಊರಿಗೆ ಊರೇ ಬೂದಿ ಬಳಿದ ಹಾಗೆ. ನಕ್ಷೆಯಲ್ಲಿ ಒಂದು ಬ್ಲಾಕಿಗೆ ಒಂದೇ ಬಣ್ಣ; ಅದು ಯಾವುದೆಂದು ಬ್ಲಾಕಿನ ಕಂಪ್ಯೂಟರ್ ಕೋಡಿನಲ್ಲಿ ನಾವೇ ಬರೆದು ಹೇಳಬೇಕು. ಅಕ್ಕ ಬ್ಲಾಕಿನ ಬಣ್ಣಗಳನ್ನೆಲ್ಲ ಕಲಸಿ ಒಂದು ಮಾಡಿದಳು. ಎಲ್ಲ ಕೆಸರಾಯಿತು.

ತಂಗಿ ಇದ್ದದ್ದು ದಾರ, ಗುಂಡಿ ಮಾರುವ ಅಂಗಡಿಯಲ್ಲಿ. ಜನ ತಂದ ಬಟ್ಟೆಯ ತುಂಡಿಗೆ ಹೊಂದುವ ದಾರ ಹುಡುಕಿಕೊಡುವುದೇ ದಿನವಿಡೀ ಕೆಲಸ. ಅಕ್ಕನ ಬೆನ್ನ ಹಿಂದೆ ನಿಂತು ಕಣ್ಣು ಕಿರಿದು ಮಾಡಿದಳು.

"ಹೆಂಚಲ್ಲಿ ಏನೇನಿದೆ ಅಂತ ಲೆಕ್ಕ ಹಾಕ್ಬೇಡ ಕಣೆ ಅಕ್ಕಾ. ದೂರದಿಂದ ಯಾವ ಬಣ್ಣ ಮೊದ್ಲು ಕಣ್ಣಿಗೆ ಹೊಡಿಯುತ್ತೋ ಅದನ್ನ ಹಾಕು."

"ದಾರ ಮಾರೋಳು ನಂಗೆ ಪಾಠ ಹೇಳ್ತೀಯಾ?"

"ಹೇಳಲ್ಲಮ್ಮ, ಮಾಡ್ಕೊಡ್ತೀನಿ. ಸ್ವಲ್ಪ ಆ ಕಡೆ ಜರುಗು."

ಮಾಡಿಯೂ ಬಿಟ್ಟಳು. ನಕ್ಷೆ ಕಸೂತಿ ಹಾಕಿದಂತೆ ಎದ್ದು ಕೂತಿತು. ಆನ್‌ಲೈನಿನಲ್ಲಿ ಆ ಊರಿಗೆ ಬಂದು ಆಡುವವರೆಲ್ಲ ನಕ್ಷೆಯನ್ನೇ ಹೊಗಳಿದರು. ಹೆಂಚಿನ ಬಿರುಕಿನ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಅಕ್ಕನ ಹೊಟ್ಟೆ ಧಗಧಗ ಉರಿಯಿತು.

ಅಷ್ಟರಲ್ಲಿ ಅಮ್ಮನೊಂದಿಗೆ ಇಬ್ಬರೂ ಇದ್ದ ಬಾಡಿಗೆ ಮನೆ ಖಾಲಿ ಮಾಡಬೇಕಾಗಿ ಬಂತು. ತಂಗಿ ಬೇರೊಂದು ಮನೆ ಹುಡುಕಿದಳು. "ಅಮ್ಮನ್ನ ಕರ್ಕೊಂಡು ನೀನು ಹೋಗು, ನಾನು ಬೇರೆ ರೂಮು ಮಾಡ್ತೀನಿ" ಎಂದಳು ಅಕ್ಕ. ತಂಗಿಯ ಮುಖ ಸಣ್ಣದಾಯಿತು.

ಹೊರಡುವ ದಿನ ತಂಗಿ ಗಾಡಿ ಗೊತ್ತುಮಾಡಲು ಹೋಗಿದ್ದಾಗ ಅಕ್ಕ ಕಂಪ್ಯೂಟರಿನ ಮುಂದೆ ಕೂತಳು. ಆಟದಲ್ಲಿ ತಂಗಿಯೂ ಒಂದು ಮನೆ ಕಟ್ಟಿದ್ದಳು. ಅದರ ಹಳದಿ ಚಾವಣಿ ನಕ್ಷೆಯಲ್ಲಿ ದೀಪದಂತೆ ಕಾಣುತ್ತಿತ್ತು. ಆ ಹಳದಿ ಬ್ಲಾಕಿಗೆ ನಕ್ಷೆಯಲ್ಲಿ ಬಣ್ಣವೇ ಇಲ್ಲ ಎಂದು ಅಕ್ಕ ಕೋಡಿನಲ್ಲಿ ಬರೆದುಬಿಟ್ಟಳು. ಮನೆಯೇ ಅಳಿಸಿಹೋಗಲಿ ಎಂಬ ಆಸೆ.

ಅಳಿಸಲಿಲ್ಲ. ಬಣ್ಣವಿಲ್ಲದ ಬ್ಲಾಕನ್ನು ದಾಟಿ ಅದರ ಕೆಳಗಿರುವುದನ್ನು ನಕ್ಷೆ ತೋರಿಸುತ್ತದೆ. ಸಿಟ್ಟಿನಲ್ಲಿ ಅಕ್ಕ ಅದನ್ನು ಮರೆತಿದ್ದಳು. ಮುಚ್ಚಳ ತೆಗೆದಂತೆ ಮನೆಯ ಒಳಗಿನದೆಲ್ಲ ಕಂಡಿತು. ನೆಲಕ್ಕೆ ಅಕ್ಕನದೇ ಕೆಂಪು ಹೆಂಚು. ತಂಗಿ ಗೊತ್ತುಮಾಡಿದ ಹೊಸ ಮನೆಯದೇ ಕೋಣೆಗಳು. ಸಣ್ಣದರಲ್ಲಿ ಅಂಟಿಕೊಂಡ ಎರಡು ಹಾಸಿಗೆ. ಬೆಳಕು ಬೀಳುವ ದೊಡ್ಡದರಲ್ಲಿ ಒಂದೇ ಹಾಸಿಗೆ, ಪಕ್ಕದಲ್ಲಿ ಕಂಪ್ಯೂಟರಿಗೆ ಉದ್ದನೆಯ ಮೇಜು.

ಬಾಗಿಲಲ್ಲಿ ತಂಗಿ ನಿಂತಿದ್ದಳು. "ಅಯ್ಯೋ, ನನ್ನ ಚಾವಣಿ ಎಲ್ಲೇ?"

"ನಾನೇ ತೆಗ್ದೆ. ಹೊಟ್ಟೆಕಿಚ್ಚು ಕಣೆ, ಇನ್ನೇನು!"

"ನಂಗಿಲ್ವಾ? ನಿನ್ನ ಹೆಂಚಿನ ಬಿರುಕು ಬರಿಯೋದು ಕಲಿಯೋಕೆ ನಾನೆಷ್ಟು ಸಲ ಕದ್ದು ನೋಡ್ಕೊಂಡಿದೀನಿ ಗೊತ್ತಾ?"

ಅಕ್ಕ ಹಳದಿಯನ್ನು ಮತ್ತೆ ಹಾಕಿದಳು. "ಬರ್ತೀನಿ. ಆದ್ರೆ ದೊಡ್ಡ ಕೋಣೆ ನಿನ್ಗೇ. ಅದ್ರಲ್ಲೂ ನೀನೇ ಒಳ್ಳೆಯವಳಾಗ್ಬೇಡ."

ಸಾಮಾನೆಲ್ಲ ಗಾಡಿಗೇರಿತು, ಮೂವರೂ ಹತ್ತಿ ಕೂತರು. ಅಮ್ಮ ಕೆಮ್ಮಿದರು. ತಂಗಿ ಇಳಿಯಹೋದಳು.

"ಕೂತ್ಕೊಳೇ!" ಎಂದು ಅಕ್ಕ ಗದರಿ ಒಳಗೆ ಓಡಿದಳು. ಬರಿದಾದ ಅಡುಗೆಮನೆಯ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು, ನೆರೆಮನೆಯವರೆಲ್ಲ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ಖಾತ್ರಿ ಮಾಡಿಕೊಂಡು, ಬಾಗಿಲೆಳೆದು ಹೊರಟಳು.