ಮುಕ್ಕಾಲು ತಾಸಿನ ನೀರು

ಎಸ್ಸೆಸ್ಸೆಲ್ಸಿ ಓದಿದ ನಾನು ಕೊಟ್ಟೂರಿನಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದವನು. ಮುಪ್ಪಿನಲ್ಲಿ ಮೊಬೈಲ್ ನೋಡಿಕೊಂಡು ಪ್ರೋಗ್ರಾಂ ಬರೆಯಲು ಕಲಿತೆ. ಕಲಿತದ್ದು ಅರ್ಧ, ಮೆರೆದದ್ದು ಎರಡರಷ್ಟು. ಹೊಲಗಳಿಗೆ ಸರದಿ ಪ್ರಕಾರ ನೀರು ಬಿಡುವ ಟೈಮರ್ ಪೆಟ್ಟಿಗೆ ಮಾಡಿ ಮಾರುತ್ತಿದ್ದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಲು ಸೋಮಾರಿತನ. ಅದಕ್ಕೇ ಪ್ರೋಗ್ರಾಂ ಬರೆದುಕೊಡುವ ಪ್ರೋಗ್ರಾಂ ಒಂದನ್ನು ಕಟ್ಟಿದೆ. ಯಾರಿಗೆ ಎಷ್ಟು ತಾಸು ಎಂದು ಹೇಳಿದರೆ ಸಾಕು, ಉಳಿದದ್ದನ್ನು ಅದೇ ಬರೆಯುತ್ತಿತ್ತು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನನ್ನನ್ನು ಇಂಜಿನಿಯರ್ ಅಜ್ಜ ಎನ್ನುತ್ತಿದ್ದರು, ನಾನು ತಿದ್ದಲಿಲ್ಲ.

ಪೆಟ್ಟಿಗೆಗೆ ಬೇಕಾದದ್ದು ಇಡೀ ನಿಮಿಷ. ನಮ್ಮ ಜನ ಹೇಳುವುದು ಮುಕ್ಕಾಲು ತಾಸು, ಒಂದೂವರೆ ತಾಸು. ದಶಾಂಶದ ಸಂಖ್ಯೆಯನ್ನು ಪೂರ್ಣಾಂಕದ ಜಾಗಕ್ಕೆ ತುರುಕುತ್ತಿದ್ದೀಯ ಎಂದು ಕಂಪ್ಯೂಟರ್ ಎಚ್ಚರಿಸುತ್ತಲೇ ಇತ್ತು. ಅದಕ್ಕೊಂದು ಅಪ್ಪಣೆ ಉಂಟು, ಟೈಪ್ ಕಾಸ್ಟ್: ಇದನ್ನು ಪೂರ್ಣಾಂಕವೆಂದೇ ತಿಳಿ, ಎದುರಾಡಬೇಡ. ಪ್ರತಿ ಲೆಕ್ಕದ ಮುಂದೆ ಆ ಅಪ್ಪಣೆಯನ್ನು ಅಂಟಿಸಲು ನನ್ನ ಪ್ರೋಗ್ರಾಮಿಗೆ ಕಲಿಸಿದೆ. ಎಚ್ಚರಿಕೆ ನಿಂತಿತು. ಬಾಯಿ ಮುಚ್ಚಿಸಿದ್ದನ್ನೇ ಸಮಸ್ಯೆ ಬಗೆಹರಿಸಿದ್ದೆಂದು ತಿಳಿಯುವುದರಲ್ಲಿ ನಾನೇನೂ ಮೊದಲಿಗನಲ್ಲ.

ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಒಂದೇ ಬೋರಿಗೆ ಇಬ್ಬರು ಪಾಲುದಾರರು: ಮಲ್ಲಿಗೆ ಬೆಳೆಯುವ ಹೆಂಗಸು, ಅವಳ ಮೈದುನ. ಅವನಿಗೆ ಎರಡು ತಾಸು, ಅವಳಿಗೆ ಮುಕ್ಕಾಲು. ಪೆಟ್ಟಿಗೆಯ ಬೀಗದ ಕೈ ಅವನ ಬಳಿ. ಪೆಟ್ಟಿಗೆ ಕೂರಿಸಿದಂದಿನಿಂದ ಅವಳ ವಾಲ್ವ್ ತೆರೆಯಲೇ ಇಲ್ಲ. ಮೊಗ್ಗು ಬಿಡುವ ಹೊತ್ತಿಗೆ ಗಿಡ ಬಾಡತೊಡಗಿತು. ಕರೆದರು, ಹೋದೆ. ಅವನ ಎರಡು ತಾಸು ಸರಿಯಾಗಿ ಓಡುತ್ತಿದ್ದುದನ್ನು ನೋಡಿ, ಕೂಡಿದ ಜನರ ಮುಂದೆ ದೊಡ್ಡ ಮಾತಾಡಿದೆ:

“ಪೆಟಿಗಿ ಸುಳ್ಳು ಹೇಳಂಗಿಲ್ರಿ. ಮನುಷ್ಯಾರ್ನ ಕೇಳ್ರಿ.”

“ಕೇಳಾದೇನೈತ್ರಿ ಅಜ್ಜಾರ, ಕೀಲಿ ಯಾರ ಉಡದಾರದಾಗ ಐತಿ ನೋಡ್ರಿ,” ಎಂದಳು ಅವಳು.

“ಅತ್ತಿಗಿ, ನಾ ನಿನ್ನ ನೀರು ಕದ್ದಿದ್ರ ನನ್ನ ಕಣ್ಣು ಹೋಗ್ಲಿ!”

“ಕಣ್ಣು ನಿನ್ನ ಹತ್ರಾನ ಇಟ್ಕೋ. ಭಂಡಾರ ಮುಟ್ಟು.”

ಅವನು ಮುಟ್ಟಿದ. ದೇವರ ಅರಿಸಿನದ ಭಂಡಾರ ಮುಟ್ಟಿ ಆಣೆಯಾದರೆ, ಮಾಡಿದವರೂ ಮಾಡಿಸಿದವರೂ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯುವಂತಿಲ್ಲ. ಒಂದೇ ಅಂಗಳದ ಎರಡು ಮನೆ. ಅಂದೇ ನಡುವೆ ಮುಳ್ಳಿನ ಬೇಲಿ ಎದ್ದಿತು.

ಅಂಗಡಿಗೆ ಬಂದು ಅವರ ಪ್ರೋಗ್ರಾಂ ತೆರೆದೆ. ಮುಕ್ಕಾಲನ್ನು ಅರವತ್ತರಿಂದ ಗುಣಿಸಿ, ಬಂದ ನಲವತ್ತೈದು ನಿಮಿಷವನ್ನು ಪೂರ್ಣಾಂಕ ಮಾಡಬೇಕಿತ್ತು. ಇಡೀ ಲೆಕ್ಕಕ್ಕೆ ಕಂಸ ಹಾಕದೆ ಮುಂದೆ ಬರೀ ಅಪ್ಪಣೆ ಅಂಟಿಸಿದ್ದರಿಂದ ಅದು ಪಕ್ಕದ ಸಂಖ್ಯೆಗಷ್ಟೇ ತಗುಲಿತ್ತು. ದಶಾಂಶದ ಬಾಲ ಕತ್ತರಿಸಿಹೋಗಿ ಮುಕ್ಕಾಲು ಮೊದಲೇ ಸೊನ್ನೆಯಾಗಿ, ಆಮೇಲೆ ಆ ಸೊನ್ನೆಯನ್ನು ಅರವತ್ತರಿಂದ ಗುಣಿಸಲಾಗಿತ್ತು. ಮೈದುನನ ಎರಡು ತಾಸಿಗೆ ಕತ್ತರಿಸಲು ಬಾಲವೇ ಇರಲಿಲ್ಲ. ಬೇರೆ ಊರುಗಳಲ್ಲಿ ಒಂದೂವರೆ ತಾಸು ಒಂದಾಗಿತ್ತು. ಅಲ್ಲಿಯ ಜನ ಕರೆಂಟಿನವರನ್ನು ಬೈದು ಸುಮ್ಮನಿದ್ದರು.

ಕಂಸ ಹಾಕಿಸಿದೆ. ಧೂಳು ಒರೆಸುವ ನೆಪದಲ್ಲಿ ಹೋಗಿ ಹೊಸ ಪ್ರೋಗ್ರಾಂ ತುಂಬಿಸಿ ಬಂದೆ. ಮರುದಿನ ಅವಳ ಸಾಲಿಗೆ ನೀರು ಹರಿಯಿತು. ಊರು ತೀರ್ಪು ಕೊಟ್ಟಿತು: “ನೋಡ್ರಪ್ಪ, ಭಂಡಾರ ಮುಟ್ಟಿದ ಮ್ಯಾಲ ಕಳ್ಳ ಹೆದರ್ಯಾನ.” ನನ್ನ ತಪ್ಪು ತಿದ್ದಿದ್ದೇ ಅವನ ಕಳ್ಳತನಕ್ಕೆ ಸಾಕ್ಷಿಯಾಯಿತು. ದೇವರಿಗೆ ಹೆಸರು ಬಂತು, ನನ್ನ ಪೆಟ್ಟಿಗೆಗೆ ಗಿರಾಕಿ ಬಂದರು. ಎರಡನ್ನೂ ನಾಚದೆ ನೋಡುತ್ತ ಕುಳಿತೆ.

ಒಂದು ಮಧ್ಯಾಹ್ನ ಮೈದುನ ಅಂಗಡಿಗೆ ಬಂದು ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟ.

“ಇದನ್ನ ನೀವಾ ಇಟ್ಕಳ್ರಿ ಅಜ್ಜಾರ. ನನ್ನ ಮಕ್ಳಿಗೆ ಸಾಲ್ಯಾಗ ನೀರುಗಳ್ಳನ ಮಕ್ಳು ಅಂತಾರ.”

ಇಂಜಿನಿಯರ್ ಅಜ್ಜ ಅಂಗಡಿಯ ಬಾಗಿಲು ಎಳೆದುಕೊಂಡ. ಅವನ ಬೈಕಿನಲ್ಲೇ ಅವರ ಊರಿಗೆ ಹೋಗಿ, ಬೇಲಿಯ ಆಚೆ ಈಚೆ ಇಬ್ಬರನ್ನೂ ನಿಲ್ಲಿಸಿ, ನೆಲದ ಮೇಲೆ ಲೆಕ್ಕ ಬರೆದು, ಕಂಸ ಹಾಕಿ, ಹಾಕದೆ ತೋರಿಸಿದೆ.

ಅವಳು ಬಗ್ಗಿ ಆ ಲೆಕ್ಕ ನೋಡಿದಳು. “ಎರಡು ಡೊಂಕು ಗೆರಿ ಹಾಕಾದು ಬಿಟ್ಟು, ನಮ್ಮ ನಡುವ ಬೇಲಿ ಹಾಕ್ಸಿದ್ರೇನ್ರಿ?”

“ತಪ್ಪಾತವ್ವ.”

“ಪೆಟಿಗಿ ಸುಳ್ಳು ಹೇಳಂಗಿಲ್ಲ ಅಂದ್ರೆಲ್ಲ, ಈಗ ಆಣಿ ಬಿಡಸಾಕ ಅದ್ರಾಗ ಏನಾರ ಐತೇನು?”

ಇರಲಿಲ್ಲ.

ಮೈದುನ ಒಳಗಿನಿಂದ ಒಂದು ಚೊಂಬು ನೀರು ತಂದು ಬೇಲಿಯ ಮೇಲಿಂದ ಚಾಚಿದ. ಅವಳು ಕೈಯೊಡ್ಡಿ ತೆಗೆದುಕೊಂಡಳು. ಕುಡಿಯಲಿಲ್ಲ. ಅಂಗಳದ ಮಲ್ಲಿಗೆ ಬುಡಕ್ಕೆ ನಿಧಾನವಾಗಿ ಸುರಿದಳು.

“ಈ ಗಿಡ ಯಾರ ಕಡಿಂದೂ ಆಣಿ ಮಾಡ್ಸಿಲ್ಲ, ಕುಡೀಲಿ,” ಎಂದು ಖಾಲಿ ಚೊಂಬನ್ನು ನನ್ನ ಕೈಗಿಟ್ಟಳು.