ನೇರಳೆ ಕೋಟಿನ ಎರಡನೇ ಗುಂಡಿ

ಸಿಂಗಪುರದ ಸೆಕೆಯಲ್ಲಿ ಉಣ್ಣೆಯ ಕೋಟುಗಳನ್ನು ಒಣಹಾಕುತ್ತಿದ್ದವರು ನಮ್ಮ ಬ್ಲಾಕಿನಲ್ಲಿ ವತ್ಸಲಾ ಒಬ್ಬರೇ. ಬುಕಿತ್ ಪಂಜಾಂಗಿನ ನಮ್ಮ ಅಡುಗೆಮನೆ ಕಿಟಕಿಗಳಿಂದ ಹೊರಚಾಚಿದ ಬಿದಿರುಕೋಲುಗಳ ಮೇಲೆ ಎಲ್ಲರದೂ ಟೀ ಶರ್ಟು, ಸ್ಕೂಲ್ ಯೂನಿಫಾರ್ಮು. ಅವರ ಕೋಲಿನ ಮೇಲೆ ಮಾತ್ರ ದಪ್ಪ ಕೋಟುಗಳು, ಯಾರನ್ನೋ ಅಪ್ಪಿಕೊಳ್ಳಲು ಹೊರಟವರಂತೆ ಎರಡೂ ತೋಳು ಚಾಚಿಕೊಂಡು.

"ಆಂಟಿ, ಗೋಯಿಂಗ್ ನಾರ್ತ್ ಪೋಲ್ ಆಹ್?" ಪಕ್ಕದ ಮನೆಯ ಮಿಸೆಸ್ ಟಾನ್ ಚುಡಾಯಿಸುತ್ತಿದ್ದಳು.

"ಕೋಟ್ ಗೋಯಿಂಗ್ ಲಾ. ಮೀ ನಾಟ್ ಗೋಯಿಂಗ್," ಎನ್ನುತ್ತಿದ್ದರು ವತ್ಸಲಾ.

ಅವು ಬೂಮ್ ದಿನಗಳು. ಬೋನಸ್ ಬಂತೆಂದರೆ ನಮ್ಮ ಕನ್ನಡದ ಸಂಸಾರಗಳೆಲ್ಲ ಡಿಸೆಂಬರಿನಲ್ಲಿ ಹಿಮ ನೋಡಲು ಹೊರಡುತ್ತಿದ್ದವು. ವರ್ಷಕ್ಕೊಂದು ವಾರದ ಮಾತಿಗೆ ಕೋಟು ಕೊಳ್ಳುವವರು ಯಾರು? ಎಲ್ಲರೂ ಎರವಲಿಗೆ ವತ್ಸಲಾರ ಮನೆಯ ಬೆಲ್ ಒತ್ತುತ್ತಿದ್ದರು. ಅವರದು ಎರಡೇ ಕಂಡೀಷನ್. ಹೊಕ್ಕೈಡೊದ ಹಳ್ಳಿಯೊಂದರಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಒಂದು ಹಸುವಿನ ಫಾರ್ಮ್ ಇದೆ, ಅಲ್ಲಿಗೇ ಹೋಗಬೇಕು. ಮತ್ತೆ, ಕೋಟನ್ನು ಒಗೆಯದೆ ತಂದುಕೊಡಬೇಕು.

"ಅಲ್ಲಿ ಅನ್ನ, ಸಾರು ಎಲ್ಲ ಸಿಗುತ್ತೆ ಕಣಮ್ಮ. ಒಗ್ಗರಣೆಗೆ ಇಂಗೂ ಹಾಕ್ತಾರೆ."

"ಜಪಾನಲ್ಲಿ ಇಂಗಾ, ಆಂಟಿ?"

"ಹೋಗಿ ನೋಡು."

ಇಂಗು ಹಾಕುತ್ತಿದ್ದ ಕೈ ಅವರ ಒಬ್ಬಳೇ ಮಗಳು ಸ್ಮಿತಾಳದು. ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿದ್ದ ಹುಡುಗಿ ಆಫೀಸಿನವರ ಜೊತೆ ಆ ಫಾರ್ಮಿಗೆ ಹಾಲಿಡೇಗೆಂದು ಹೋದಳು. ಮರುವರ್ಷ ಕೆಲಸ ಬಿಟ್ಟು ಆ ಮನೆಯ ಮಗನನ್ನೇ ಮದುವೆಯಾದಳು. ವತ್ಸಲಾರ ಗಂಡ ರಾಯರು ಆಗಷ್ಟೇ ಬೈಪಾಸ್ ಆಗಿ ಮನೆಗೆ ಬಂದಿದ್ದರು. ಹೆಂಡತಿಯ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದರು: ಮಗಳನ್ನು ನೋಡಕೂಡದು, ಮಾತಾಡಕೂಡದು, ಕಾಗದ ಬರೆಯಕೂಡದು.

"ಇದೆಲ್ಲ ಸೂಪರ್‌ಸ್ಟಿಷನ್ ವತ್ಸಲಾ," ಎಂದು ಬೈದಿದ್ದೆ. ನನ್‌ಗಳ ಕೈಯಲ್ಲಿ ಓದಿದವಳು ನಾನು.

"ನಿಮಗೇನ್ರೀ ಪದ್ಮಾ, ನಿಮ್ಮ ಕಾನ್ವೆಂಟಲ್ಲಿ ತಪ್ಪು ಮಾಡಿದ್ರೆ ಕನ್ಫೆಷನ್ ಇತ್ತು. ನನಗಿರೋದು ಅವರ ತಲೆ ಒಂದೇ." ಆಮೇಲೆ ದನಿ ತಗ್ಗಿಸಿ, "ಆಣೇಲಿ ಕೋಟಿನ ಹೆಸರು ಬಂದಿಲ್ಲವಲ್ಲ?" ಎಂದಿದ್ದರು.

ಕೋಟುಗಳಲ್ಲಿ ಒಂದು ನೇರಳೆಯದು. ಮಗಳ ಮದುವೆಗೆ ಹೋಗಲೆಂದು ಕೊಂಡು, ಹೋಗದೆ ಉಳಿದಾಗ ಪ್ಲಾಸ್ಟಿಕ್ ಕವರಿನಲ್ಲೇ ಇದ್ದದ್ದು. ಯಾರಿಗೇ ಅದನ್ನು ಕೊಡಲಿ, ಕೊಡುವ ಮುಂಚೆ ಎರಡನೇ ಗುಂಡಿಯನ್ನು ಕತ್ತರಿಸಿ ಅದರ ಜೇಬಿಗೇ ಹಾಕುತ್ತಿದ್ದರು. ಫಾರ್ಮಿನ ಬಾಗಿಲಲ್ಲಿ ಅತಿಥಿಗಳು ಕೋಟು ಬಿಚ್ಚಿ ನೇತುಹಾಕುತ್ತಾರೆ. ಊಟಕ್ಕೆ ಕೂತಾಗ ಸ್ಮಿತಾ ಗುಂಡಿ ಹೊಲಿಯುತ್ತಾಳೆ. ಗುಂಡಿಯ ಬುಡಕ್ಕೆ ಮೂರು ಸುತ್ತು ನೂಲು ಸುತ್ತಿ ಗಂಟನ್ನು ಒಳಗೆ ಅಡಗಿಸುವುದು ಅಮ್ಮ ಕಲಿಸಿದ ರೀತಿ. ಕೋಟು ವಾಪಸು ಬಂದಾಗ ವತ್ಸಲಾ ಮೊದಲು ಗುಂಡಿ ಹಿಡಿದು ನೋಡುತ್ತಿದ್ದರು. "ಈ ಸಲ ನೀಲಿ ನೂಲು. ಹಾಲು ಕರೆದೂ ಕರೆದೂ ಕೈ ಗಟ್ಟಿಯಾಗಿದೆ ಇವಳದು." ಆಮೇಲೆ ಕಾಲರಿಗೆ ಮೂಗಿಟ್ಟು ನಿಲ್ಲುತ್ತಿದ್ದರು. ಒಣಹುಲ್ಲು, ಹಸು, ಸೌದೆಹೊಗೆ. ಒಳಗೆ ಟೀವಿಯ ಮುಂದೆ ರಾಯರು ಕೆಮ್ಮುತ್ತಿದ್ದರು.

ಒಂದು ವರ್ಷ ಆ ನೇರಳೆ ಕೋಟು ತೊಟ್ಟು ಹೋದವಳು ನಾನೇ, ಮಗ ಸೊಸೆಯ ಜೊತೆ. ಹಿಮ ಎಂದರೆ ನನಗೆ ಗೊತ್ತಿದ್ದದ್ದು ಸಿಸ್ಟರ್‌ಗಳು ಕೊಡುತ್ತಿದ್ದ ಕ್ರಿಸ್ಮಸ್ ಕಾರ್ಡಿನದು, ಮೇಲೆ ಗ್ಲಿಟರ್ ಅಂಟಿಸಿದ್ದು. ಇದು ಹಾಗಿರಲಿಲ್ಲ. ಬೇಲಿ, ಗಾಡಿ, ಕೊಟ್ಟಿಗೆಯ ದಾರಿ ಎಲ್ಲವನ್ನೂ ಸದ್ದಿಲ್ಲದೆ ಮುಚ್ಚುತ್ತಲೇ ಇತ್ತು. ಬೆಳಿಗ್ಗೆ ಸ್ಮಿತಾ ಸಲಿಕೆ ಹಿಡಿದು ತೋಡಿದ ದಾರಿ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ.

ಹೊರಡುವ ದಿನ ಕೋಟು ತೊಡಿಸಿದಳು. ಎರಡನೇ ಗುಂಡಿಯ ಜಾಗ ಖಾಲಿ.

"ಅಮ್ಮಂಗೆ ಹೇಳಿ ಆಂಟಿ, ಇನ್ನು ಗುಂಡಿ ಹೊಲಿಯಲ್ಲ ಅಂತ. ಬರೋದಾದ್ರೆ ಅವಳೇ ಬರ್ಲಿ."

"ಅಮ್ಮನ ಆಣೆ ಗೊತ್ತಲ್ಲ ಸ್ಮಿತಾ?"

"ಗೊತ್ತು. ಅಪ್ಪನ ತಲೆ ನೆಟ್ಟಗಿದೆ ಅಲ್ವಾ? ನಾನು ಇಲ್ಲಿ ಯಾರ್‍ಯಾರದೋ ಮೈ ವಾಸನೆ ಇರೋ ಕೋಟಲ್ಲಿ ಅಮ್ಮನ್ನ ಹುಡುಕ್ತಾ ಕೂತಿರ್ತೀನಿ."

ಫ್ಲೈಟಿನಲ್ಲಿ ಉದ್ದಕ್ಕೂ ಜೇಬಿನೊಳಗೆ ಆ ಗುಂಡಿ ಹಿಡಿದುಕೊಂಡೇ ಬಂದೆ. ಕಾನ್ವೆಂಟಿನಲ್ಲಿ ನೀಡಲ್‌ವರ್ಕಿಗೆ ಪ್ರೈಜ್ ತೆಗೆದುಕೊಂಡವಳು ನಾನು. ಆದರೆ ಬೇರೆ ಕೈಯ ಹೊಲಿಗೆಯನ್ನು ವತ್ಸಲಾ ಮುಟ್ಟಿದ ಕೂಡಲೇ ಗುರುತಿಸುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡರು. ಎಲ್‌ಆರ್‌ಟಿ ರೈಲೊಂದು ಕಿಟಕಿಯಾಚೆ ಸರಿದುಹೋಯಿತು.

"ಸಾರಿಗೆ ಇಂಗು ಹಾಕಿದ್ಲಾ?"

"ಹಾಕಿದ್ಲು."

"ಹಾಗಾದ್ರೆ ಸರಿ," ಎಂದರು. ಆಮೇಲೆ ಆ ಕೋಟನ್ನು ಯಾರಿಗೂ ಕೊಡಲಿಲ್ಲ. ಟಿಕೆಟ್ಟೂ ಬುಕ್ ಮಾಡಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ, ತರಕಾರಿ ಹೆಚ್ಚುತ್ತಾ ಕೂತಿದ್ದ ವತ್ಸಲಾ ಹಾಗೇ ಒರಗಿದರು, ಮತ್ತೆ ಏಳಲಿಲ್ಲ. ಮಗಳಿಗೆ ಫೋನ್ ಮಾಡಿದ್ದು ನಾನು. "ಆಂಟಿ, ಇಲ್ಲಿ ಹಿಮ ನಿಂತೇ ಇಲ್ಲ. ರೋಡ್ ಕ್ಲೋಸು, ಫ್ಲೈಟಿಲ್ಲ. ಒಂದು ದಿನ... ಒಂದೇ ದಿನ ಇಟ್ಕೊಳ್ಳಿ ಆಂಟಿ," ಎಂದಳು ಸ್ಮಿತಾ. ರಾಯರಿಗೆ ಹೇಳಿದೆ. "ಕ್ರೆಮೆಟೋರಿಯಂ ನಾಳೆ ಬೆಳಿಗ್ಗೆಗೆ ಬುಕ್ ಆಗಿದೆ," ಎಂದರು. ಬೆಳಿಗ್ಗೆಯೇ ಆಯಿತು.

ಕೋಟುಗಳ ಮೂಟೆಯನ್ನು ರಾಯರು ನನ್ನ ಬಾಗಿಲಿಗೆ ತಂದಿಟ್ಟುಹೋದರು. ಡಿಸೆಂಬರ್ ಬಂದರೆ ನಾನೂ ಕೋಲಿಗೆ ಹಾಕುತ್ತೇನೆ. ನೇರಳೆಯದರ ಗುಂಡಿ ಇನ್ನೂ ಜೇಬಿನಲ್ಲಿದೆ. ಕಾಲರಿನಲ್ಲಿ ಹುಲ್ಲಿನ ವಾಸನೆ ಉಳಿದಿಲ್ಲ, ನುಸಿಗುಳಿಗೆಯದೊಂದೇ. ಆಣೆ ಮಾತ್ರ ಚೆನ್ನಾಗಿ ಫಲಿಸಿದೆ. ರಾಯರು ಗಟ್ಟಿಮುಟ್ಟಾಗಿದ್ದಾರೆ. ದಿನಾ ಸಂಜೆ ಬ್ಲಾಕಿನ ಬುಡದ ವಾಯ್ಡ್ ಡೆಕ್ಕಿನಿಂದ ಹೊರಟು, ತೋಳು ಚಾಚಿ ನೇತಾಡುವ ಆ ಕೋಟಿನ ಕೆಳಗೇ ವಾಕಿಂಗ್ ಹೋಗುತ್ತಾರೆ. ಒಮ್ಮೆಯೂ ತಲೆ ಎತ್ತಿ ನೋಡಿದ್ದಿಲ್ಲ.