ಸೊಂಟಕ್ಕೆ ಕಟ್ಟಿದ ಎರಡು ಒಣಕಾಯಿ

ನಿನ್ನೆ ನನ್ನ ಮೊಮ್ಮಗಳು ಹೊಳೆಯ ಪಾಲಾಗುತ್ತಿದ್ದಳು, ಅದಕ್ಕೆ ಕಾರಣ ನಾನೇ. ಊರವರು ಇಳಿತದ ಸೆಳೆತವೇ ಕಾರಣ ಎನ್ನುತ್ತಾರೆ. ಸೆಳೆತವೇನು ನಿನ್ನೆ ಹುಟ್ಟಿದ್ದೇ?

ಜಗಲಿಯ ಬಿದಿರು ಗಳದಲ್ಲಿ ತೂಗುತ್ತ ನೀರು ತೊಟ್ಟಿಕ್ಕಿಸುತ್ತಿರುವ ಈ ಎರಡು ಒಣ ತೆಂಗಿನಕಾಯಿ ನೋಡಿ. ಮೊಮ್ಮಗಳು ಚೈತ್ರಾಗೆ ಆರು ವರ್ಷವಾಗಿದ್ದಾಗ, ತೇಲಲೆಂದು ಅವಳ ಸೊಂಟಕ್ಕೆ ಇವನ್ನೇ ಕಟ್ಟಿ ಹಂಗಾರಕಟ್ಟೆಯ ಹೊಳೆಗೆ ಬಿಟ್ಟಿದ್ದೆ. ನಮ್ಮಲ್ಲಿ ಮೊದಲು ಕಡಲು ಉಕ್ಕಿ ಭರತ ತುಂಬಿ ನಿಂತ ನೀರಿನಲ್ಲಿ ಈಜು ಕಲಿಸುವುದು, ಆಮೇಲೆ ನೀರು ಕಡಲಿಗೆ ಹಿಂದಿರುಗುವ ಇಳಿತದಲ್ಲಿ. ಇಳಿತದ ಪಾಠಕ್ಕೆ ಮೊದಲೇ ಶಾಲೆಯವರು ಅವಳನ್ನು ಈಜುಕೊಳಕ್ಕೆ ಕರೆದೊಯ್ದರು. ಅಲ್ಲಿನ ಮಾಸ್ಟ್ರು, "ಅಮ್ಮಾ, ಇನ್ನು ಹೊಳೆ ಬೇಡ. ತಲೆ ಎತ್ತಿ ಈಜಿ ಅಭ್ಯಾಸ ಕೆಡುತ್ತದೆ" ಎಂದರು. ನಾನು ಮೂರನೇ ಕ್ಲಾಸು ಓದಿದವಳು. ಕಲಿತವರ ಮಾತೆಂದು ಕಾಯಿಗಳನ್ನು ಅಟ್ಟಕ್ಕೆ ಎಸೆದೆ. "ಹೊಳಿಗ್ ಇಳುದ್ರೆ ಕಾಲ್ ಮುರಿತೆ, ಕಾಣ್" ಎಂದು ಹೆದರಿಸಿ ಹತ್ತು ವರ್ಷ ಅವಳು ಹೊಳೆಗಿಳಿಯದಂತೆ ಕಾದೆ. ಪದಕ ಬಂದವು. ರಾಜ್ಯಕ್ಕೇ ಮೊದಲನೆಯವಳಾದಳು. ಬ್ರಹ್ಮಾವರದ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಅದನ್ನೇ ಹೇಳಿ ತಲೆ ತಿಂದದ್ದುಂಟು.

ನಿನ್ನೆ ಅವಳಿಗೆ ರಜೆ. ಚಿಪ್ಪು ಹೆಕ್ಕಲು ನನ್ನ ಜೊತೆ ಮರಳ ದಿಬ್ಬಕ್ಕೆ ಬಂದಳು. ನನ್ನ ಬುಟ್ಟಿ ತೇಲಿಹೋಯಿತು.

"ನಿಲ್ಲ್ ಅಮ್ಮಮ್ಮ, ನಾನ್ ತತ್ತೆ" ಎಂದು ಹಾರಿಯೇ ಬಿಟ್ಟಳು.

ಚಾಂಪಿಯನ್ನನ್ನು ಯಾರು ತಡೆಯುತ್ತಾರೆ, ಹೇಳಿ? ಬುಟ್ಟಿ ಸಿಗಲಿಲ್ಲ. ತಿರುಗಿದವಳು, ಕೊಳದ ಗೋಡೆ ಮುಟ್ಟಲು ಹೊರಟವಳಂತೆ, ಇಳಿತಕ್ಕೆ ಎದುರಾಗಿ ನೇರ ನನ್ನತ್ತ ಈಜತೊಡಗಿದಳು. ಎಷ್ಟು ಕೈ ಬೀಸಿದರೂ ಇದ್ದಲ್ಲೇ ಇದ್ದಳು. ಆಮೇಲೆ ಹಿಂದಕ್ಕೆ ಹೋಗತೊಡಗಿದಳು.

"ಎದ್ರ್ ಬರ್ಬೇಡ ಹೆಣ್ಣೇ, ಓರೆ ಹೋಗ್, ಓರೆ!"

ತಲೆ ನೀರೊಳಗಿದ್ದವಳಿಗೆ ಕೇಳುವುದೆಲ್ಲಿ? ಸೀರೆ ಎತ್ತಿಕಟ್ಟಿ ಇಳಿದೆ. ಸೆಳೆತವೇ ನನ್ನನ್ನು ಅವಳ ಹತ್ತಿರ ಒಯ್ದಿತು. ಅವಳ ಜಡೆ ಸಿಕ್ಕಿತು, ಹಿಡಿದೆ. "ಕೈ ಬಡಿಬ್ಯಾಡ, ನೀರೇ ಕರ್ಕಂಡ್ ಹೋತ್ತ್" ಎಂದೆ. ಓರೆಯಾಗಿ ಕಾಲು ಬಡಿಯುತ್ತ ಹೋದೆ. ಹೊಳೆ ಇಬ್ಬರನ್ನೂ ಒಯ್ದು ದೋಣಿ ಕಟ್ಟುವ ಚಪ್ಪರದ ಕೆಳಗಿನ ಕೆಸರಿಗೆ ಹಾಕಿತು.

ಕುಡಿದ ನೀರೆಲ್ಲ ಕಾರಿಕೊಂಡು ಅವಳು ಕೇಳಿದ್ದು ಒಂದೇ ಮಾತು: "ಅಮ್ಮಮ್ಮ, ನೀರ್ ಎಳಿತ್ತಾ?"

ಹೊಳೆಬದಿಯಲ್ಲಿ ಹುಟ್ಟಿದವಳು ಕೇಳುವ ಪ್ರಶ್ನೆಯೇ ಇದು! ಅವಳು ಮುಳುಗಿದ್ದಕ್ಕಿಂತ ಆ ಮಾತಿಗೇ ಹೆದರಿ, ರಾತ್ರಿಯೇ ಅಟ್ಟ ಹತ್ತಿ ಆ ಕಾಯಿಗಳನ್ನು ಇಳಿಸಿದೆ.

ಇವತ್ತು ಬೆಳಿಗ್ಗೆ ಇಳಿತಕ್ಕೆ ಸರಿಯಾಗಿ ಅವಳನ್ನು ಕರೆದುಕೊಂಡು ಹೋದೆ. ಹೊಸ ಹಗ್ಗ ಹಾಕಿ ಸೊಂಟಕ್ಕೆ ಕಾಯಿ ಕಟ್ಟಿದೆ. ಬಲೆ ಕೊಡಹುತ್ತಿದ್ದ ಪಕ್ಕದ ಮನೆಯ ಗಿರಿಜ ನಕ್ಕಳು.

"ಹ್ವಾಯ್, ರಾಜ್ಯದ ಚಾಂಪಿಯನ್ನಿಗ್ ಕಾಯಿಯಾ?"

"ಹೌದ್ ಮಾರಾಯ್ತಿ, ಒಂದ್ ಪಾಠ ಬಾಕಿ ಇತ್ತ್."

ಚೈತ್ರಾ ನಗಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಸೊಂಟದವರೆಗೆ ಇಳಿದೆವು. ನೀರು ಎಳೆಯಿತು. ನಾನು ಅವಳ ಕೈ ಬಿಟ್ಟೆ.